ಐವತ್ತು ಹರ್ಟ್ಸ್‌ನಲ್ಲಿ ಮರಳಿ ಸಿಕ್ಕ ಮಾರಿಯೋ

ನಲವತ್ತು ದಾಟಿದವನ ಬೆರಳು ಮೊದಲಿನ ಹಾಗೆ ಓಡುವುದಿಲ್ಲ, ಕಾಂಟ್ರಾ ಎಂಬ ಹಳೆಯ ವಿಡಿಯೋ ಗೇಮಿನ ಮೊದಲ ಹಂತದಲ್ಲೇ ಮೂರೂ ಜೀವ ಕಳೆದುಕೊಂಡು ಯಂತ್ರವನ್ನು ದೂರಬೇಡ ಎಂದು ಮಣಿಪಾಲದ ಗೆಳೆಯರು ಮೂರು ವರ್ಷಗಳಿಂದ ನನಗೆ ಬುದ್ಧಿ ಹೇಳುತ್ತಲೇ ಬಂದಿದ್ದರು. ದೂರು ಯಂತ್ರದ ಮೇಲೆಯೇ ಇರಬೇಕಾಗಿತ್ತು ಎಂಬುದನ್ನು ಈ ಮಳೆಗಾಲದಲ್ಲಿ ಅವರ ಎದುರೇ ಸ್ಟಾಪ್‌ವಾಚ್ ಹಿಡಿದು ತೋರಿಸಿಕೊಟ್ಟೆನಾದ್ದರಿಂದ, ಇದೇ ಹುಚ್ಚಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನನ್ನದು ಹಳೆಯ ಕಥೆಯೇ. 1994ರ ಸುಮಾರಿಗೆ ಬಹರೈನ್‌ನಿಂದ ರಜೆಗೆ ಬಂದ ಸೋದರಮಾವ ಮಲ್ಪೆಯ ನಮ್ಮ ಮನೆಗೆ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲಾದ ಒಂದು ಟಿವಿ ಗೇಮ್ ತಂದುಕೊಟ್ಟಿದ್ದರು. ಆ ಆಟಗಳನ್ನೇ ಈಗಿನ ಎಲ್‌ಇಡಿ ಟಿವಿಯಲ್ಲಿ ಆಡಬೇಕೆಂದು ಹೊರಟು ಮೊದಲು ಕೊಂಡದ್ದು ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಚಿಕ್ಕ ಡಬ್ಬಿ. ಏಳುನೂರು ರೂಪಾಯಿ ನೀರಿಗೆ ಹಾಕಿದಂತಾಯಿತು. ಹಳೆಯ ಯಂತ್ರ ಕೊಡುವ 240 ಗೆರೆಗಳ ಚಿತ್ರವನ್ನು ಆ ಡಬ್ಬಿ ಬೆಸ-ಸಮ ಗೆರೆಗಳನ್ನು ಸರದಿಯಂತೆ ಕಳಿಸಿ ಹೆಣೆಯುವ ಪ್ರಸಾರವೆಂದು ತಪ್ಪಾಗಿ ತಿಳಿದು ಕಲಸುತ್ತದೆ, ಮೇಲಾಗಿ ಗುಂಡಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಮಾರಿಯೋ ನೆಗೆಯುತ್ತಾನೆ. ಆಮೇಲೆ ಸುಮಾರು ಮೂರು ಸಾವಿರಕ್ಕೆ ರಾಸ್ಪ್‌ಬೆರಿ ಪೈ 3 ಎಂಬ ಅಂಗೈಯಗಲದ ಹಳೆಯ ಕಂಪ್ಯೂಟರ್ ಕೊಂಡು, ಹಳೆಯ ಗೇಮ್ ಯಂತ್ರಗಳನ್ನು ಅನುಕರಿಸುವ ಎಮ್ಯುಲೇಟರ್‌ಗಳಿರುವ ರೆಟ್ರೋಪೈ ತಂತ್ರಾಂಶ ಹಾಕಿದೆ. ಮೇ ತಿಂಗಳ ಒಂದು ಸಂಜೆ ಬಡಿದ ಸಿಡಿಲಿಗೆ ಸೆಟ್‌ಟಾಪ್ ಬಾಕ್ಸಿನೊಂದಿಗೆ ಅದೂ ಹೋಯಿತು. ಕರಾವಳಿಯಲ್ಲಿ ಗುಡುಗಿನ ಸದ್ದು ದೂರದಲ್ಲಿ ಕೇಳಿದೊಡನೆ ಎಚ್‌ಡಿಎಂಐ ತಂತಿಯನ್ನೂ ಕಿತ್ತಿಡಬೇಕು ಎಂಬ ಪಾಠಕ್ಕೆ ನಾನು ಕೊಟ್ಟ ಶುಲ್ಕ ಎರಡನೆಯ ಪೈಯ ಬೆಲೆ.

ಎರಡನೆಯದರಲ್ಲಿ ಚಿತ್ರ ಸ್ಫಟಿಕದಂತೆ ಬಂತು, ವಿಳಂಬವೂ ಹೆಚ್ಚುಕಡಿಮೆ ಕಾಣಲಿಲ್ಲ. ಆದರೂ ಆಟ ನನ್ನದೆನ್ನಿಸಲಿಲ್ಲ. ಬಾಲ್ಯದಲ್ಲಿ ಕಣ್ಣುಮುಚ್ಚಿ ದಾಟುತ್ತಿದ್ದ ಹೊಂಡಗಳಿಗೆ ಬೀಳುತ್ತಿದ್ದೆ. ಗೆಳೆಯರ ವಯಸ್ಸಿನ ಸಿದ್ಧಾಂತ ಹುಟ್ಟಿದ್ದು ಆಗ. ನನ್ನ ಗುಮಾನಿ ಬೇರೆಯಿತ್ತು: ಎಮ್ಯುಲೇಟರ್ ತಾನಾಗಿಯೇ ಆರಿಸಿಕೊಳ್ಳುವುದು ಜಪಾನ್ ಮತ್ತು ಅಮೆರಿಕದ ಲೆಕ್ಕ, ಅಂದರೆ ಸೆಕೆಂಡಿಗೆ ಅರವತ್ತು ಚೌಕಟ್ಟು (ಬಿಡಿ ಚಿತ್ರ), ನಮ್ಮ ಮನೆಯ ಟಿವಿ ಪಾಲ್ ಎಂಬ ಪ್ರಸಾರ ಪದ್ಧತಿಯದು, ಐವತ್ತರದು. ಆ ಕಾಲದ ಆಟಗಳು ಕಾಲವನ್ನು ಅಳೆಯುವುದೇ ಚೌಕಟ್ಟುಗಳಿಂದ. ಹಾಗಿದ್ದರೆ ನಾವೆಲ್ಲ ಆಡಿ ಬೆಳೆದದ್ದು ಆರರಲ್ಲಿ ಒಂದು ಪಾಲು ನಿಧಾನವಾದ ಮಾರಿಯೋವನ್ನು.

ಸರಿ, ಎಮ್ಯುಲೇಟರನ್ನು ಪಾಲ್‌ಗೆ ಬದಲಿಸಿದೆ. ವೇಗ ಇಳಿಯಿತು, ಆದರೆ ಹಾಡು ಕೆಟ್ಟಿತು. ಭಜನೆಗೆ ಹಾರ್ಮೋನಿಯಂ ನುಡಿಸುವ ಮನೆಯಲ್ಲಿ ಬೆಳೆದ ನನ್ನ ಕಿವಿಗೆ ಮಾರಿಯೋನ ಶ್ರುತಿ ಹಾರ್ಮೋನಿಯಂನ ಒಂದು ಮನೆಗಿಂತ ಸ್ವಲ್ಪ ಹೆಚ್ಚೇ ಕೆಳಗಿಳಿದಂತೆ ಕೇಳಿಸಿತು. ಹೆಂಡತಿಗೆ ಅದು ಗೊತ್ತಾಗಲಿಲ್ಲ, ಗೆಳೆಯರಂತೂ ನಕ್ಕರು, ಸುಮಾರು ಎರಡು ತಿಂಗಳು ನಾನೂ ಕೈಬಿಟ್ಟಿದ್ದೆ. ಕಾರಣ ಆಮೇಲೆ ತಿಳಿಯಿತು: ಯುರೋಪಿನಲ್ಲಿ ಮಾರಿದ ಅಸಲಿ ನಿಂಟೆಂಡೊದ ಪ್ರೊಸೆಸರ್ ಓಡುವುದು 1.66 ಮೆಗಾಹರ್ಟ್ಸ್‌ನಲ್ಲಿ, ಜಪಾನಿನದು 1.79ರಲ್ಲಿ; ಧ್ವನಿ ಹುಟ್ಟುವುದೂ ಅದೇ ಗಡಿಯಾರದಿಂದ. ಆದರೆ ತೈವಾನಿನ ಚಿಪ್ ಹಾಕಿದ ನಕಲುಗಳು ಚಿತ್ರವನ್ನು ಐವತ್ತಕ್ಕೆ ಇಳಿಸಿಯೂ ಪ್ರೊಸೆಸರನ್ನು 1.77ರಲ್ಲೇ ಓಡಿಸುತ್ತಿದ್ದವು, ಹೀಗಾಗಿ ಅವುಗಳಲ್ಲಿ ತಾಳ ನಿಧಾನ, ಶ್ರುತಿ ಮಾತ್ರ ಹೆಚ್ಚುಕಡಿಮೆ ಮೂಲದ್ದೇ. ರಷ್ಯಾದಲ್ಲಿ ಪ್ರಸಿದ್ಧವಾದ ಇಂಥದೇ ನಕಲಿನ ಹೆಸರು ಡೆಂಡಿ. ಎಮ್ಯುಲೇಟರಿನ ರೀಜನ್ (ಪ್ರದೇಶ) ಪಟ್ಟಿಯಲ್ಲಿ, ನಾನು ಯಾವತ್ತೂ ಮುಟ್ಟದಿದ್ದ ಕೊನೆಯ ಆಯ್ಕೆ ಅದೇ ಆಗಿತ್ತು.

ಡೆಂಡಿ ಎಂದು ಆರಿಸಿ ಸ್ಟಾರ್ಟ್ ಒತ್ತಿದಾಗ ಕೇಳಿಸಿದ್ದು ಮಲ್ಪೆಯ ಚಾವಡಿಯ ಹಾಡು. ಆದರೆ ಮಾರಿಯೋ ಓಡುವಾಗ ಪೊದೆಗಳೂ ಮೋಡಗಳೂ ತಡವರಿಸುತ್ತಿದ್ದವು. ಪೈ ಟಿವಿಗೆ ಕಳಿಸುತ್ತಿದ್ದುದು ಅರವತ್ತು ಚೌಕಟ್ಟು, ಆಟದಲ್ಲಿದ್ದುದು ಐವತ್ತು, ಆದ್ದರಿಂದ ಪ್ರತಿ ಐದರಲ್ಲಿ ಒಂದು ಎರಡು ಸಲ ಕಾಣುತ್ತಿತ್ತು. ಕಾನ್ಫಿಗ್ ಕಡತದಲ್ಲಿ ಎಚ್‌ಡಿಎಂಐ ಗ್ರೂಪ್ 1, ಮೋಡ್ 19 ಎಂದು ಬರೆದು 720 ಗೆರೆಗಳ ಚಿತ್ರವನ್ನು ಐವತ್ತು ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ ಐವತ್ತು ಚೌಕಟ್ಟಿಗೆ ತಂದ ಮೇಲೆ ಎಣ್ಣೆ ಹಾಕಿದ ತೊಟ್ಟಿಲಿನಂತೆ ತೂಗಿತು. ಆಟವನ್ನು ಒಳಗೊಳಗೇ ಮುಂದೋಡಿಸಿ ವಿಳಂಬ ತಗ್ಗಿಸುವ ರನ್ ಅಹೆಡ್ ಆಯ್ಕೆಯನ್ನು ಮಾರಿಯೋಗೆ ಒಂದು ಚೌಕಟ್ಟು ಇಟ್ಟಿದ್ದೇನೆ. ಕಾಂಟ್ರಾಗೆ ಎಷ್ಟೆಂಬುದನ್ನು ಗೆಳೆಯರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಹಳೆಯ ಜಾಯ್‌ಸ್ಟಿಕ್‌ಗಳನ್ನೇ ಬಳಸಬೇಕೆಂಬ ಹಟವೂ ಇತ್ತು. ಒಂಬತ್ತು ಪಿನ್ನಿನ ಆ ಪ್ಲಗ್ಗುಗಳನ್ನು ಆರುನೂರು ರೂಪಾಯಿಯ ಪ್ರೋ ಮೈಕ್ರೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಿ ಯುಎಸ್‌ಬಿ ಮಾಡಿದೆ. ಮಾಡುವಾಗ ತಿಳಿದದ್ದೇನೆಂದರೆ, ನಕಲು ತಯಾರಕರಲ್ಲಿ ಪಿನ್ನುಗಳ ಕ್ರಮ ಒಂದೇ ಇರುವುದಿಲ್ಲ. ಮಲ್ಟಿಮೀಟರ್ ಹಿಡಿಯದೆ ಐದು ವೋಲ್ಟ್ ಕೊಟ್ಟು ಒಂದನ್ನು ಸುಟ್ಟೆ. ಉಳಿದೆರಡರ ಒಳಗೆ ನಮ್ಮ ಉಪ್ಪುಗಾಳಿ ಮೂವತ್ತು ವರ್ಷ ಕೂತು ತಾಮ್ರವನ್ನು ಪಾಚಿ ಬಣ್ಣಕ್ಕೆ ತಿರುಗಿಸಿತ್ತು. ಕಿಲುಬನ್ನು ಶಾಲೆಯ ರಬ್ಬರಿನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ. ಗುಂಡಿಗಳ ಕೆಳಗಿನ ಕಪ್ಪು ರಬ್ಬರಿಗೆ ಎಲ್ಲರೂ ಪೆನ್ಸಿಲ್ ಉಜ್ಜುತ್ತಾರೆ, ಅದು ಒಂದು ವಾರ ಬಾಳುತ್ತದೆ. ನಾನು ಪೆನ್ಸಿಲ್ ಪುಡಿಯ ಜೊತೆ ಇನ್ನೊಂದು ವಸ್ತುವನ್ನು ಬೆರೆಸುತ್ತೇನೆ, ಎಂಟು ತಿಂಗಳಾದರೂ ಬಿ ಗುಂಡಿ ಮುಷ್ಕರ ಹೂಡಿಲ್ಲ.

ಇದೇ ಹುರುಪಿನಲ್ಲಿ ಬಾತುಕೋಳಿ ಹೊಡೆಯುವ ಆಟದ ಬಂದೂಕನ್ನೂ ಎಲ್‌ಇಡಿ ಟಿವಿಯ ಮುಂದೆ ಹಿಡಿದು ಮೂರು ಭಾನುವಾರ ಕಳೆದೆ. ಕುದುರೆ ಒತ್ತಿದಾಗ ಪರದೆ ಕಪ್ಪಾಗಿ, ಮರುಕ್ಷಣ ಹಕ್ಕಿಯಿದ್ದಲ್ಲಿ ಬಿಳಿ ಚೌಕ ಮೂಡುತ್ತದೆ. ಬಂದೂಕು ಆ ಬೆಳಕನ್ನು ಸರಿಯಾಗಿ ಅದೇ ಚೌಕಟ್ಟಿನಲ್ಲಿ ಕಾಣಬೇಕು. ಎಲ್‌ಇಡಿ ಅದನ್ನು ತಡವಾಗಿ ತೋರಿಸುತ್ತದೆ, ಜೊತೆಗೆ ಬಂದೂಕಿನೊಳಗಿನ ಸರ್ಕ್ಯೂಟ್ ಹುಡುಕುವುದು ಪಿಕ್ಚರ್ ಟ್ಯೂಬಿನ ಸುಮಾರು ಹದಿನೈದು ಕಿಲೋಹರ್ಟ್ಸ್ ಮಿನುಗನ್ನು. ಆಗದ ಕೆಲಸ, ಬಿಟ್ಟೆ. ಆದರೆ ಅದಕ್ಕೆಂದು ಹಂಪನಕಟ್ಟೆಯ ಗುಜರಿಯವನೊಬ್ಬನಿಂದ ಎಂಟುನೂರಕ್ಕೆ ತಂದ 21 ಇಂಚಿನ ಟ್ಯೂಬ್ ಟಿವಿ ಬೇರೆ ರೀತಿಯಲ್ಲಿ ಉಪಕಾರಕ್ಕೆ ಬಂತು.

ಗೆಳೆಯರನ್ನು ಕರೆಸಿದ್ದು ಆ ಟಿವಿ ಬಂದ ಮೇಲೆ. ಮಾವ ಕೊಟ್ಟ ಅಸಲಿ ನಕಲನ್ನು ಅದಕ್ಕೆ ಜೋಡಿಸಿ, ಮೊದಲ ಹಂತದಲ್ಲಿ ಮಾರಿಯೋನನ್ನು ಅಲ್ಲಾಡಿಸದೆ ನಿಲ್ಲಿಸಿ, 400ರಿಂದ ಇಳಿಯುವ ಸಮಯ ಸೊನ್ನೆಗೆ ಬರುವತನಕ ಕಾಯಲು ಹೇಳಿದೆ. ಒಂದು ಅಂಕಿ ಇಳಿಯಲು 24 ಚೌಕಟ್ಟು ಬೇಕು, ಆದ್ದರಿಂದ ಐವತ್ತರ ಲೆಕ್ಕದಲ್ಲಿ ಮೂರು ನಿಮಿಷ ಹನ್ನೆರಡು ಸೆಕೆಂಡು. ಸ್ಟಾಪ್‌ವಾಚ್ ಹಿಡಿದಿದ್ದ ಗೆಳೆಯ ನಿಲ್ಲಿಸಿದ್ದು ಸುಮಾರು ಮೂರು ಹದಿಮೂರಕ್ಕೆ. ಪೈಯ ಹಳೆಯ, ಅರವತ್ತರ ಹೊಂದಾಣಿಕೆಯಲ್ಲಿ ಎರಡು ನಲವತ್ತಕ್ಕೇ ಮಾರಿಯೋ ಸತ್ತ. ಡೆಂಡಿಗೆ ತಿರುಗಿಸಿದ ಮೇಲೆ ಮತ್ತೆ ಮೂರು ಹನ್ನೆರಡು. ಅದೇ ಕೂತಲ್ಲಿ ಮೂವತ್ತು ಜೀವ ಕೊಡುವ ಗುಪ್ತ ಗುಂಡಿ ಸಂಕೇತ ಒತ್ತದೆ ಕಾಂಟ್ರಾವನ್ನು ಆರನೆಯ ಹಂತದವರೆಗೆ ಆಡಿ ತೋರಿಸಿದೆ.

ಸಿಡಿಲಿಗೆ ಹೋದ ಪೈ ಬಿಟ್ಟು ಒಟ್ಟು ಖರ್ಚು ಏಳು ಸಾವಿರದ ಆಸುಪಾಸು. ವಯಸ್ಸಿನ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡುತ್ತಿದ್ದ ಗೆಳೆಯನೇ ಮರುವಾರ ತನ್ನ ಪೈ ಹಿಡಿದುಕೊಂಡು ಬಂದ. ಅವನಲ್ಲಿರುವುದು ಟಿವಿಯಲ್ಲ, ಕಂಪ್ಯೂಟರ್ ಮಾನಿಟರ್; ಅದು ಐವತ್ತು ಹರ್ಟ್ಸ್ ಒಪ್ಪದೆ ಕಪ್ಪು ಪರದೆ ತೋರಿಸುತ್ತದೆ. ಈಗ ಅವನಿಗೊಂದು ಹಳೆಯ 32 ಇಂಚಿನ ಟಿವಿ ಹುಡುಕುತ್ತಿದ್ದೇವೆ.