ಆಗುಂಬೆಯ ಮಳೆಕಾಡಿಗೆ ನಾವು ಹೋಗಿಬರುವ ರೀತಿ

ಗೆಳೆಯರ ಮತ್ತು ಅವರ ಮಕ್ಕಳ ಸಣ್ಣ ಗುಂಪುಗಳನ್ನು ಕಾಡಿನ ನಡಿಗೆಗೆ ಕರೆದೊಯ್ಯುವ ಹವ್ಯಾಸ ನನಗೆ ಬಹಳ ಕಾಲದಿಂದ ಇದೆ. ಅದರಲ್ಲಿ ಹೆಚ್ಚಿನ ಸಲ ನಾವು ಹೋಗಿರುವುದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ. ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲೇ ಇರುವ ಈ ಸಣ್ಣ ಊರಿಗೆ ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ನೇರವಾಗಿ ಬಂದು ತಾಗುವುದರಿಂದ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. 1946ರ ಆಗಸ್ಟ್ ತಿಂಗಳೊಂದರಲ್ಲೇ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಇಂಥ ಕಾಡಿನಲ್ಲಿ ಎಷ್ಟು ದೂರ ನಡೆಯಬೇಕು, ಯಾವಾಗ ಹಿಂದಿರುಗಬೇಕು, ಯಾವ ಪ್ರಾಣಿಯ ಹತ್ತಿರ ಎಷ್ಟರವರೆಗೆ ಹೋಗಬಹುದು ಎಂಬುದನ್ನು ಪ್ರವಾಸಿಯ ಆಸೆ ತೀರ್ಮಾನಿಸಬಾರದು, ಅದನ್ನು ಊರಿನವರು ಮತ್ತು ಅಂದಿನ ಹವೆ ತೀರ್ಮಾನಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಸಿದ್ಧತೆಯೆಲ್ಲ ಆ ಅಭಿಪ್ರಾಯದ ಮೇಲೆ ನಿಂತಿದೆ.

ಮೊದಲು ಕಾಲದ ಆಯ್ಕೆ. ಜೂನ್ ತಿಂಗಳಲ್ಲಿ ಹೋದರೆ ನಾವು ಚಾರಣದ ಮಾತನ್ನೇ ಎತ್ತುವುದಿಲ್ಲ. ಆ ದಿನಗಳಲ್ಲಿ ಹಳ್ಳಗಳು ತುಂಬಿ ಹರಿಯುತ್ತವೆ, ಜಲಪಾತಗಳ ನೆತ್ತಿಯ ಬಂಡೆಗಳಲ್ಲಿ ಕಾಲು ನಿಲ್ಲುವುದಿಲ್ಲ. ಊರಿನ ದಾರಿ, ಅಡಿಕೆ ತೋಟದ ಅಂಚು, ಗದ್ದೆಯ ಬದು ಇಷ್ಟರಲ್ಲೇ ನಮ್ಮ ಓಡಾಟ. ಕಪ್ಪೆ, ಹಾವು, ಅಣಬೆಗಳನ್ನು ನೋಡಲು ಅದು ಧಾರಾಳವಾಗಿ ಸಾಕು. ಕಾಡಿನೊಳಗೆ ನಡೆಯುವ ಪ್ರವಾಸವನ್ನು ಮಳೆಯ ಬಿರುಸು ಇಳಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಇಟ್ಟುಕೊಳ್ಳುತ್ತೇವೆ. ಆಗ ಜಲಪಾತಗಳಲ್ಲಿ ನೀರು ಇನ್ನೂ ಚೆನ್ನಾಗಿರುತ್ತದೆ, ಜಾಡುಗಳೂ ತೆರೆದುಕೊಂಡಿರುತ್ತವೆ.

ಡಿಸೆಂಬರಿನಿಂದ ಮೇವರೆಗಿನ ಒಣ ಕಾಲದಲ್ಲಿ ಮಕ್ಕಳಿರುವ ಗುಂಪನ್ನು ನಾನು ಕಾಡಿನೊಳಗೆ ಕರೆದೊಯ್ಯುವುದಿಲ್ಲ. ಇದಕ್ಕೆ ಕಾರಣ ಮಂಗನ ಕಾಯಿಲೆ. 1957ರಲ್ಲಿ ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಉಣ್ಣೆಗಳ ಕಡಿತದಿಂದ ಹರಡುತ್ತದೆ. ಆ ಉಣ್ಣೆಗಳ ಮರಿಗಳು ತರಗೆಲೆಗಳ ನಡುವೆ ಹೆಚ್ಚು ಚಟುವಟಿಕೆಯಿಂದಿರುವುದು ಈ ತಿಂಗಳುಗಳಲ್ಲೇ, ಮತ್ತು ತೀರ್ಥಹಳ್ಳಿ ತಾಲ್ಲೂಕು ಈ ರೋಗವನ್ನು ಕಂಡ ಸೀಮೆ. ಹೊರಗಿನಿಂದ ಹೋಗುವವರಲ್ಲಿ ಅನೇಕರಿಗೆ ಇದರ ಹೆಸರೂ ಗೊತ್ತಿರುವುದಿಲ್ಲ ಎಂಬುದು ನನಗೆ ಆತಂಕದ ಸಂಗತಿ. ದೊಡ್ಡವರು ಮಾತ್ರ ಇರುವ ಗುಂಪಾದರೂ ಈ ಕಾಲದಲ್ಲಿ ಹೊರಡುವ ಮೊದಲು ಊರಿನ ಆರೋಗ್ಯ ಕಾರ್ಯಕರ್ತೆಯರನ್ನು ಅಥವಾ ಉಳಿದುಕೊಳ್ಳುವ ಮನೆಯವರನ್ನು ವಿಚಾರಿಸಬೇಕು. ಮೈತುಂಬ ಬಟ್ಟೆ ತೊಟ್ಟು ಉಣ್ಣೆಗಳನ್ನು ದೂರವಿಡುವ ಡೇಪಾ ತೈಲ ಹಚ್ಚಿಕೊಳ್ಳಬೇಕು, ತರಗೆಲೆಯ ಮೇಲೆ ಕೂರಬಾರದು, ಹಿಂದಿರುಗಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗ ಕಣ್ಣಿಗೆ ಬಿದ್ದರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಅದು ಆ ಸುತ್ತಿನಲ್ಲಿ ರೋಗವಿರುವುದರ ಸೂಚನೆಯಾಗಿರಬಹುದು.

ಅನುಮತಿಯ ವಿಷಯ ಸರಳವಾದದ್ದು. ಆಗುಂಬೆಯ ಸುತ್ತಲಿನದು ಮೀಸಲು ಅರಣ್ಯ, ಘಟ್ಟದ ಕೆಳಗೆ 1974ರಲ್ಲಿ ಘೋಷಣೆಯಾದ ಸೋಮೇಶ್ವರ ವನ್ಯಜೀವಿಧಾಮ. ಬರ್ಕಣ ಜಲಪಾತ, ನರಸಿಂಹ ಪರ್ವತ ಮುಂತಾದ ಕಡೆಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯ ಒಪ್ಪಿಗೆ ಮೊದಲೇ ಪಡೆದಿರಬೇಕು. ಯಾವ ಜಾಡು ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಕಾಲಕಾಲಕ್ಕೆ ಬದಲಾಗುವುದರಿಂದ ನಾವು ವಲಯ ಕಚೇರಿಯನ್ನು ಕೇಳಿ ತಿಳಿದುಕೊಂಡ ಮೇಲೆಯೇ ದಿನಾಂಕ ನಿಶ್ಚಯಿಸುತ್ತೇವೆ. ಮುಚ್ಚಿದ ಜಾಡನ್ನು ಹಿಂಬಾಗಿಲಿನಿಂದ ತೋರಿಸುತ್ತೇವೆ ಎನ್ನುವವರು ಸಿಕ್ಕರೆ ಅವರ ಜೊತೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಉಳಿದುಕೊಳ್ಳಲು ತೋಟದ ಮನೆಯವರೇ ನಡೆಸುವ ಹೋಮ್‌ಸ್ಟೇಯನ್ನು ಆರಿಸುತ್ತೇವೆ. ಹೊರಗಿನ ಬಂಡವಾಳದ ದೊಡ್ಡ ವಸತಿಗಳಲ್ಲಿ ಕೊಟ್ಟ ಹಣದ ಹೆಚ್ಚಿನ ಪಾಲು ಊರಿನಲ್ಲಿ ನಿಲ್ಲುವುದಿಲ್ಲ. ತೋಟದ ಮನೆಯಲ್ಲಾದರೆ ಅಕ್ಕಿ, ತರಕಾರಿ, ಹಾಲು, ಜೇನು, ಕೆಲಸದವರ ಕೂಲಿ ಎಲ್ಲವೂ ಸುತ್ತಮುತ್ತಲೇ ಹಂಚಿಹೋಗುತ್ತದೆ. ಏನು ಅಡುಗೆ ಮಾಡಬೇಕೆಂದು ನಾವು ಹೇಳುವುದಿಲ್ಲ. ಆ ಕಾಲಕ್ಕೆ ಅವರ ಮನೆಯಲ್ಲಿ ಆಗುವ ಕಡುಬು, ಪತ್ರೊಡೆ, ಕಳಲೆ ಪಲ್ಯ, ತಂಬುಳಿ, ಮುರುಗಲ ಸಾರು ನಮಗೆ ಬಡಿಸಿದರೆ ಸಾಕೆಂದು ಮೊದಲೇ ತಿಳಿಸಿರುತ್ತೇವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಜನರೇಟರ್ ಹಚ್ಚಿರೆಂದು ಒತ್ತಾಯಿಸಬಾರದೆಂದು ಗುಂಪಿನ ಎಲ್ಲರಿಗೂ ಹೇಳಿರುತ್ತೇನೆ. ಬಚ್ಚಲ ಹಂಡೆ ಕಾಯುವುದು ಸೌದೆಯಿಂದ, ಆ ಸೌದೆ ಬರುವುದು ತೋಟ ಮತ್ತು ಕಾಡಿನಿಂದ. ಆದ್ದರಿಂದ ಎಲ್ಲರ ಸ್ನಾನ ಒಂದೇ ಹೊತ್ತಿಗೆ, ಒಂದೇ ಬೆಂಕಿಯಲ್ಲಿ ಮುಗಿಯುವಂತೆ ನೋಡಿಕೊಳ್ಳುತ್ತೇವೆ. ಅಬ್ಬಿ ನೀರು ಅಥವಾ ಹಳ್ಳದ ನೀರನ್ನೇ ಕೆಳಗಿನ ಮನೆಗಳೂ ಬಳಸುವುದರಿಂದ ಹರಿಯುವ ನೀರಿನಲ್ಲಿ ಸೋಪು, ಶಾಂಪೂ ಹಚ್ಚುವುದನ್ನು ಪೂರ್ತಿ ನಿಷೇಧಿಸಿದ್ದೇವೆ. ಕುಡಿಯುವ ನೀರನ್ನು ಮನೆಯಲ್ಲೇ ಕಾಯಿಸಿ ನಮ್ಮ ಬಾಟಲಿಗಳಿಗೆ ತುಂಬಿಸಿಕೊಳ್ಳುತ್ತೇವೆ.

ರಕ್ತ ಹೀರುವ ಇಂಬಳಗಳ (ಜಿಗಣೆಗಳ) ಬಗ್ಗೆ ಹೊಸಬರಿಗೆ ಬಹಳ ಭಯವಿರುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಇಂಬಳದ ಕಾಲುಚೀಲ ತೊಟ್ಟರೆ ಮುಕ್ಕಾಲು ಸಮಸ್ಯೆ ತೀರುತ್ತದೆ. ಕಚ್ಚಿದ್ದನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿ ಬಿಡಿಸಬಹುದು, ಅದರಿಂದ ರೋಗ ಬರುತ್ತದೆಂಬ ಹೆದರಿಕೆ ಇಲ್ಲಿ ಬೇಕಿಲ್ಲ. ಕ್ರಿಮಿನಿವಾರಕ ಲೇಪವನ್ನು ಕೈಗೆ ಬಳಿದುಕೊಂಡು ಕಪ್ಪೆಯನ್ನು ಮುಟ್ಟುವುದು ಮಾತ್ರ ಘೋರ ತಪ್ಪು. ಕಪ್ಪೆ ತನ್ನ ಚರ್ಮದ ಮೂಲಕವೇ ನೀರನ್ನು ಹೀರುತ್ತದೆ, ಉಸಿರಾಟವನ್ನೂ ಭಾಗಶಃ ಚರ್ಮದಿಂದಲೇ ನಡೆಸುತ್ತದೆ. ನಮ್ಮ ಅಂಗೈಯ ರಾಸಾಯನಿಕ ಅದರ ಮೈಯೊಳಗೆ ಸೇರಲು ಹೆಚ್ಚು ಹೊತ್ತು ಬೇಡ.

ಕತ್ತಲಾದ ಮೇಲಿನ ನಡಿಗೆ ನಮ್ಮ ಪ್ರವಾಸದ ಅತ್ಯುತ್ತಮ ಭಾಗ. ಮನೆಯವರಲ್ಲಿ ಒಬ್ಬರು ಮುಂದೆ, ನಾನು ಕೊನೆಯಲ್ಲಿ, ನಡುವೆ ಆರು ಜನರಿಗಿಂತ ಹೆಚ್ಚಿಲ್ಲದಂತೆ ಸಾಲಾಗಿ ಹೋಗುತ್ತೇವೆ. ಜೂನ್, ಜುಲೈನಲ್ಲಾದರೆ ಕೆರೆ ಅಥವಾ ನೀರು ನಿಂತ ಗುಂಡಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ಮಲಬಾರ್ ಹಾರುವ ಕಪ್ಪೆಗಳು ನೊರೆಯ ಗೂಡು ಕಟ್ಟುವುದನ್ನು ನೋಡಬಹುದು. ಮೊಟ್ಟೆಯೊಡೆದ ಗೊದಮೊಟ್ಟೆಗಳು ಆ ನೊರೆಯಿಂದ ನೇರವಾಗಿ ನೀರಿಗೆ ಬೀಳುತ್ತವೆ. ಗೂಡಿನ ಮೇಲೆ ಟಾರ್ಚ್ ಹಾಯಿಸಿ ಒಂದು ನೋಟ ನೋಡಿ ಬೆಳಕನ್ನು ತಿರುಗಿಸಿಬಿಡುತ್ತೇವೆ. ಕೊಳೆತ ಕಟ್ಟಿಗೆಯ ಮೇಲೆ ಬೆಳೆಯುವ, ಹಸಿರು ಬೆಳಕು ಸೂಸುವ ಅಣಬೆಗಳನ್ನು ಕಾಣಬೇಕಾದರೆ ಟಾರ್ಚುಗಳನ್ನೆಲ್ಲ ಆರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ಮನೆ ನಿಲ್ಲಬೇಕಾಗುತ್ತದೆ. ಮಕ್ಕಳು ಇದಕ್ಕೆ ದೊಡ್ಡವರಿಗಿಂತ ಬೇಗ ಒಗ್ಗಿಕೊಳ್ಳುತ್ತಾರೆ ಎಂಬುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಮಲಬಾರ್ ಗುಳಿಮಂಡಲ ಹಾವು ಹಸಿರು, ಕಂದು, ಹಳದಿ ಹೀಗೆ ಹಲವು ಬಣ್ಣಗಳಲ್ಲಿ ಕಾಣಿಸುತ್ತದೆ, ಮತ್ತು ಒಂದೇ ಕೊಂಬೆಯ ಮೇಲೆ ಬಹಳ ಹೊತ್ತು ಅಲುಗಾಡದೆ ಬೇಟೆಗೆ ಕಾಯುತ್ತದೆ. ಅದರ ಈ ಸ್ವಭಾವವೇ ಅದಕ್ಕೆ ಮುಳುವಾಗುತ್ತಿದೆ. ಒಳ್ಳೆಯ ಹಿನ್ನೆಲೆ ಸಿಗಲೆಂದು ಕೋಲಿನಿಂದ ಹಾವನ್ನು ಬೇರೆ ಕೊಂಬೆಗೆ ಎತ್ತಿಡುವವರನ್ನು, ಕಪ್ಪೆಯನ್ನು ಹಿಡಿದು ಚಂದದ ಎಲೆಯ ಮೇಲೆ ಕೂರಿಸುವವರನ್ನು ನಾನು ಕಂಡಿದ್ದೇನೆ. ಹಾಗೆ ಪಡೆದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದನ್ನು ವನ್ಯಜೀವಿಯ ಚಿತ್ರವೆಂದು ಒಪ್ಪಲು ನನ್ನ ಮನಸ್ಸು ಒಡಂಬಡುವುದಿಲ್ಲ. ನಮ್ಮ ಗುಂಪಿನಲ್ಲಿ ಪ್ರಾಣಿ ಇದ್ದ ಜಾಗದಲ್ಲೇ, ಇದ್ದ ಭಂಗಿಯಲ್ಲೇ ಚಿತ್ರ ತೆಗೆಯಬೇಕು, ಅದು ಚಲಿಸಲು ತೊಡಗಿದರೆ ನಾವೇ ಹಿಂದೆ ಸರಿಯಬೇಕು.

ಆಗುಂಬೆಯೆಂದರೆ ಕಾಳಿಂಗ ಸರ್ಪ ತೋರಿಸುತ್ತೀರಾ ಎಂದು ಕೇಳದವರು ಅಪರೂಪ. 1971ರಲ್ಲಿ ಇಲ್ಲಿ ಕಾಳಿಂಗವನ್ನು ಕಂಡಿದ್ದ ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 2008ರಿಂದ ಅಲ್ಲಿ ಕಾಳಿಂಗಗಳಿಗೆ ರೇಡಿಯೊ ಸಾಧನ ಅಳವಡಿಸಿ ಅವುಗಳ ಓಡಾಟವನ್ನು ಹಿಂಬಾಲಿಸುವ ಕೆಲಸ ನಡೆಯಿತು. ಹಿಡಿದು ದೂರ ಬಿಟ್ಟ ಹಾವು ಅಪರಿಚಿತ ನೆಲದಲ್ಲಿ ಬಹಳ ಅಲೆದಾಡುತ್ತದೆ ಎಂಬ ತಿಳಿವಳಿಕೆ ಇಂಥ ಕೆಲಸದಿಂದ ಬಂದದ್ದು. ಪಶ್ಚಿಮ ಘಟ್ಟದ ಕಾಳಿಂಗವೇ ಒಂದು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಗುರುತಿಸಿ ಅದಕ್ಕೆ ಒಫಿಯೊಫೇಗಸ್ ಕಾಳಿಂಗ ಎಂದು ಹೆಸರಿಟ್ಟರು. ಹಾವುಗಳಲ್ಲಿ ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವುದು ಕಾಳಿಂಗ ಸರ್ಪಗಳು ಮಾತ್ರ. ತಾಯಿ ಹಾವು ಗೂಡಿನ ಬಳಿ ವಾರಗಟ್ಟಲೆ ಕಾವಲಿದ್ದು, ಮರಿಗಳು ಹೊರಬರುವ ಮೊದಲೇ ಹೊರಟುಹೋಗುತ್ತದೆ. ಮನೆಯ ಹಿತ್ತಿಲಿಗೆ ಕಾಳಿಂಗ ಬಂದರೂ ಹೊಡೆಯದೆ, ಕೈಮುಗಿದು ದಾರಿ ಬಿಡುವ ಜನ ಇಲ್ಲಿ ಈಗಲೂ ಇದ್ದಾರೆ; ಆ ಸಹನೆಯೇ ಈ ಹಾವನ್ನು ಇಲ್ಲಿ ಉಳಿಸಿದ ದೊಡ್ಡ ಶಕ್ತಿ.

ಇಷ್ಟನ್ನೂ ಗುಂಪಿನವರಿಗೆ ವಿವರಿಸಿದ ಮೇಲೆ, ಕಾಳಿಂಗವನ್ನು ಹುಡುಕಿಕೊಂಡು ಹೋಗುವುದಿಲ್ಲ, ಯಾರಾದರೂ ಹಿಡಿದು ತೋರಿಸುತ್ತೇನೆಂದರೂ ನೋಡಲು ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಗೂಡು ಎಲ್ಲಿದೆಯೆಂದು ಊರಿನವರನ್ನು ಕೇಳುವುದನ್ನೂ ಬಿಟ್ಟಿದ್ದೇವೆ. ಹತ್ತಾರು ಜನ ಸುತ್ತ ಓಡಾಡಿದರೆ ತಾಯಿ ಗೂಡನ್ನು ಬಿಟ್ಟುಹೋಗುವ ಅಪಾಯವಿರುತ್ತದೆ.

ಹಗಲಿನ ಚಾರಣದಲ್ಲಿ ನಮ್ಮ ವೇಗ ಊರಿನ ದಾರಿತೋರುಗರದು. ಕಾಂಡದಿಂದ ಊರುಗೋಲಿನಂತೆ ಬೇರು ಇಳಿಬಿಟ್ಟ ಬಲಗಿ ಮರಗಳು, ಧೂಪ, ಉಪ್ಪಾಗೆ, ರಾಮಪತ್ರೆಗಳನ್ನು ಅವರು ಹೆಸರು ಹಿಡಿದು ಗುರುತಿಸುತ್ತಾರೆ, ಯಾವ ಹಣ್ಣಿಗೆ ಯಾವ ತಿಂಗಳಲ್ಲಿ ಮಂಗಟ್ಟೆ ಹಕ್ಕಿ ಬರುತ್ತದೆಂದು ಹೇಳುತ್ತಾರೆ, ಕಾಟಿ (ಕಾಡುಕೋಣ) ನಡೆದುಹೋದ ಕೆಸರಿನಲ್ಲಿ ಹೆಜ್ಜೆ ಹಳೆಯದೋ ಹೊಸದೋ ನೋಡಿ ದಾರಿ ಬದಲಿಸುತ್ತಾರೆ. ಒಂದು ಸಲ ಬರ್ಕಣದ ಕಡೆಗೆ ಹೊರಟಿದ್ದಾಗ ಅರ್ಧ ದಾರಿಯಲ್ಲಿ ಅವರು ಹಳ್ಳದ ಬಣ್ಣ ನೋಡಿ ನಿಂತು, “ಇವತ್ತು ದಾಟದು ಬ್ಯಾಡ ಮಾರಾಯ್ರೇ, ಮೇಲೆ ಭಾರಿ ಮಳೆ ಆಗ್ತಿದೆ” ಎಂದರು. ನಮ್ಮ ತಲೆಯ ಮೇಲೆ ಆಗ ಬಿಸಿಲಿತ್ತು. ನಾವು ಮರುಮಾತಿಲ್ಲದೆ ಹಿಂದಿರುಗಿದೆವು. ಮಧ್ಯಾಹ್ನದ ಹೊತ್ತಿಗೆ ಅದೇ ಹಳ್ಳದ ಕೆಳಭಾಗ ಕೆಂಪು ನೀರಿನಿಂದ ದಡ ಮುಟ್ಟಿ ಹರಿಯುತ್ತಿತ್ತು.

ದಾರಿಯಲ್ಲಿ ಎಚ್ಚರ ಬೇಕಾದ ಜಾಗ ಇನ್ನೊಂದಿದೆ, ಅದು ಹೆಬ್ರಿಯ ಕಡೆಗೆ ಇಳಿಯುವ ಘಾಟಿ ರಸ್ತೆ. ಮಳೆಯ ರಾತ್ರಿಗಳಲ್ಲಿ ಕಪ್ಪೆ, ಹಾವುಗಳು ಡಾಂಬರಿನ ಮೇಲೆ ಬರುವುದರಿಂದ ಚಕ್ರಕ್ಕೆ ಸಿಕ್ಕಿ ಸಾಯುತ್ತವೆ. ಆದ್ದರಿಂದ ಕತ್ತಲಾದ ಮೇಲೆ ಘಾಟಿಯಲ್ಲಿ ಸಂಚರಿಸದಂತೆ ನಮ್ಮ ಪ್ರಯಾಣವನ್ನು ಹೊಂದಿಸುತ್ತೇವೆ. ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಕೊಡುವುದರಿಂದಲೂ ಅವು ರಸ್ತೆಗೆ ಅಂಟಿಕೊಂಡು ವಾಹನಗಳಿಗೆ ಬಲಿಯಾಗುತ್ತವೆ.

ಮನೆಗೆ ಬಂದ ಮೇಲೆ ನೋಡಿದ್ದನ್ನೆಲ್ಲ ದಿನಾಂಕದೊಂದಿಗೆ ಬರೆದಿಟ್ಟು, ಜೀವಿಗಳನ್ನು ದಾಖಲಿಸುವ ಸಾರ್ವಜನಿಕ ಜಾಲತಾಣಗಳಿಗೆ ಸೇರಿಸುತ್ತೇವೆ. ಆದರೆ ಹಾವು ಮತ್ತು ಗೂಡುಗಳಿರುವ ನಿಖರವಾದ ಜಾಗವನ್ನು ಎಲ್ಲಿಯೂ ಪ್ರಕಟಿಸುವುದಿಲ್ಲ, ಚಿತ್ರದೊಳಗೆ ಉಳಿದಿರುವ ಸ್ಥಳದ ಗುರುತನ್ನೂ ಅಳಿಸುತ್ತೇವೆ. ಹಣದ ಲೆಕ್ಕದಲ್ಲಿ ನಾವು ಬಿಡದೆ ಪಾಲಿಸುವ ನಿಯಮ ಒಂದಿದೆ. ಮಳೆಯಿಂದ ನಡಿಗೆ ರದ್ದಾದರೂ, ಅರ್ಧಕ್ಕೆ ನಿಂತರೂ ದಾರಿತೋರುಗರಿಗೆ ಇಡೀ ದಿನದ ಕೂಲಿಯನ್ನು ಕೊಡುತ್ತೇವೆ, ಮತ್ತು ಇದನ್ನು ಹೊರಡುವ ಮೊದಲೇ ಅವರಿಗೆ ತಿಳಿಸಿರುತ್ತೇವೆ. ಹಿಂದಿರುಗೋಣ ಎನ್ನುವುದರಿಂದ ಕೂಲಿ ಕಡಿಮೆಯಾಗುವಂತಿದ್ದರೆ ಆ ಮಾತನ್ನು ಹೇಳುವುದು ಯಾರಿಗಾದರೂ ಕಷ್ಟವೇ. ಹಳ್ಳದ ಮುಂದೆ ನಿಂತಾಗ ಅವರು ನೀರನ್ನಷ್ಟೇ ನೋಡಿ ತೀರ್ಮಾನಿಸುವಂತಿರಬೇಕು.