ಮುಂಬೈ ಭಾಂಡುಪಿನ ನನ್ನ ಪಾಳಣಾಘರದಲ್ಲಿ ಡೈಪರ್ ರ‍್ಯಾಶ್ ನಿಂತಿದ್ದು ಹೀಗೆ

ಪಾಳಣಾಘರ ಅಂದರೆ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆ. ಈ ಸಲದ ಮಳೆಗಾಲ ಮುಗಿಯಿತು. ನನ್ನಲ್ಲಿ ಬರುವ ಐದು ಡೈಪರ್ ಮಕ್ಕಳಲ್ಲಿ ನಾಲ್ಕು ಮಕ್ಕಳ ಅಂಡು ಒಂದು ದಿನವೂ ಹುಣ್ಣಾಗಲಿಲ್ಲ. ಐದನೆಯದು ಬೇರೆ ಕಥೆ, ಮುಂದೆ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈಯಲ್ಲಿ ಪರರ ಮಕ್ಕಳನ್ನು ನೋಡಿಕೊಂಡವರಿಗೆ ಇದೇನು ಸಣ್ಣ ಮಾತಲ್ಲ ಅಂತ ಗೊತ್ತು. ಹೋದ ವರ್ಷ ನನ್ನನ್ನು ನೋಡಿ ನಕ್ಕಿದ್ದ ಪಕ್ಕದ ಬಿಲ್ಡಿಂಗಿನ ಪಾಳಣಾಘರದವರು ಈಗ ಫೋನ್ ಮಾಡಿ "ಅಕ್ಕ, ಏನು ಹಚ್ಚುತ್ತೀರಿ?" ಅಂತ ಕೇಳುತ್ತಾರೆ. ಹಚ್ಚುವುದರಲ್ಲೇನೂ ಇಲ್ಲ ಅಂದರೆ ನಂಬುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಗ್ರೌಂಡ್ ಫ್ಲೋರಿನ ಒಂದು ಬೆಡ್‌ರೂಮಿನ ಮನೆ. ಕಾರ್ಕಳದಿಂದ ಮದುವೆಯಾಗಿ ಬಂದವಳು, ಹತ್ತು ವರ್ಷದಿಂದ ಇದೇ ಕೆಲಸ. ತಾಯಂದಿರು ಎಂಟೂಕಾಲಿನ ಲೋಕಲ್ ಟ್ರೈನ್ ಹಿಡಿಯುವ ಗಡಿಬಿಡಿಯಲ್ಲಿ ಮಗುವನ್ನು ಕೊಟ್ಟು ಹೋದರೆ ವಾಪಸು ಬರುವುದು ಸಂಜೆ ಏಳಕ್ಕೆ. ಹನ್ನೊಂದು ಗಂಟೆ. ಅಷ್ಟು ಹೊತ್ತಿಗೆ ಚೀಲದಲ್ಲಿ ಎರಡು ಡೈಪರ್. ಕೇಳಿದರೆ "ಪ್ಯಾಕೆಟ್ ಮೇಲೆ ಹನ್ನೆರಡು ಗಂಟೆ ಅಂತ ಬರೆದಿದೆಯಲ್ಲಾ." ಬರೆದಿದೆ, ಸರಿ. ಪ್ಯಾಕೆಟ್ ಬರೆದವನು ಆ ಮಗುವಿನ ಕಕ್ಕ ತೊಳೆದಿದ್ದಾನಾ?

ಮೊದಲಿನ ಆರೇಳು ವರ್ಷ ನಾನು ಮಾಡದ ಪ್ರಯೋಗ ಇಲ್ಲ. ಪೌಡರ್ ಹಾಕಿದೆ. ತೊಡೆಸಂದಿನಲ್ಲಿ ಅದು ಉಚ್ಚೆ ಕುಡಿದು ಕಲಸಿದ ಹಿಟ್ಟಿನ ಹಾಗೆ ಉಂಡೆಯಾಗಿ, ಮಗು ಕಾಲು ಆಡಿಸಿದಾಗೆಲ್ಲ ಅದೇ ಉಜ್ಜುತ್ತಿತ್ತು. ಆಮೇಲೆ ಡಾಕ್ಟರ್ ಬೈದರು, ಆ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ ಅಂತ. ನಿಲ್ಲಿಸಿದೆ. ಅದಕ್ಕಾಗಿ ಒಂದು ಮಗುವೇ ಕೈ ಬಿಟ್ಟು ಹೋಯಿತು ನೋಡಿ, ಅವರ ಅಜ್ಜಿಗೆ ಪೌಡರ್ ಹಾಕದ ಮಗು ಮಗುವೇ ಅಲ್ಲ. ಕೊಬ್ಬರಿ ಎಣ್ಣೆ ಸ್ವಲ್ಪ ಕೆಂಪಾಗಿದ್ದಾಗ ನಡೆಯುತ್ತದೆ, ಚರ್ಮ ಕಿತ್ತ ಮೇಲೆ ಅದರ ಕೈಯಲ್ಲಿ ಆಗುವುದಿಲ್ಲ. ಸುವಾಸನೆಯ ವೈಪ್ಸ್ ಅಂತೂ ಗಾಯದ ಮೇಲೆ ಇಟ್ಟರೆ ಮಗು ಕಿರುಚುವುದು ಮೂರನೇ ಮಹಡಿಗೆ ಕೇಳುತ್ತಿತ್ತು.

ದೊಡ್ಡ ತಪ್ಪು ಇವ್ಯಾವುವೂ ಅಲ್ಲ. ಜಿಂಕ್ ಆಕ್ಸೈಡ್ ಕ್ರೀಮ್ ಹಚ್ಚಿ, ಪ್ರತಿ ಸಲ ಡೈಪರ್ ಬದಲಿಸುವಾಗ ಅದನ್ನು ಪೂರ್ತಿ ಉಜ್ಜಿ ತೆಗೆದು, ಹೊಸದಾಗಿ ಹಚ್ಚುತ್ತಿದ್ದೆ. ಶುಚಿ ಬೇಕಲ್ವಾ! ಆ ಕ್ರೀಮ್ ಸುಲಭಕ್ಕೆ ಬಿಡುವುದಿಲ್ಲ, ನಾನೂ ಬಿಡುತ್ತಿರಲಿಲ್ಲ. ಉಜ್ಜಿ ಉಜ್ಜಿ ಇದ್ದ ಚರ್ಮವನ್ನೂ ನಾನೇ ಕಿತ್ತಿದ್ದೆ ಅಂತ ಈಗ ಅನಿಸುತ್ತದೆ. ಎರಡು ವರ್ಷ ಹೀಗೇ ಮಾಡಿದ್ದೇನೆ.

ದಾರಿ ಸಿಕ್ಕಿದ್ದು ಲೋಕಲ್ ಬಂದ್ ಆದ ಒಂದು ರಾತ್ರಿ. ಮಧ್ಯಾಹ್ನದಿಂದ ಸುರಿದ ಮಳೆಗೆ ಹಳಿ ಮೇಲೆ ನೀರು ನಿಂತು, ಮೂರು ಮಕ್ಕಳು ರಾತ್ರಿ ಹನ್ನೊಂದರ ತನಕ ನನ್ನಲ್ಲೇ ಉಳಿದವು. ಡೈಪರ್ ಏಳು ಗಂಟೆಗೇ ಖಾಲಿ. ರಸ್ತೆಯಲ್ಲಿ ಮೊಣಕಾಲು ನೀರು, ಅಂಗಡಿ ಮುಚ್ಚಿತ್ತು. ನಮ್ಮವರ ಹಳೇ ಪಂಚೆ ಹರಿದು, ನಾಲ್ಕು ಮಡಿಕೆ ಮಾಡಿ, ರಬ್ಬರ್ ಶೀಟಿನ ಮೇಲೆ ಹಾಸಿ ಮಕ್ಕಳನ್ನು ಬರೀ ಅಂಡಲ್ಲಿ ಮಲಗಿಸಿದೆ. ಉಚ್ಚೆ ಹೊಯ್ದ ಕೂಡಲೇ ತುಂಡು ಎಳೆದು ಬೇರೆ ಹಾಕಿದೆ. ಆ ಮೂರರಲ್ಲಿ ಒಂದು ಮಗುವಿಗೆ ಮೂರು ವಾರದಿಂದ ರ‍್ಯಾಶ್ ಇತ್ತು, ಯಾವ ಟ್ಯೂಬಿಗೂ ಬಗ್ಗಿರಲಿಲ್ಲ. ಮರುದಿನ ಬೆಳಗ್ಗೆ ಬಿಚ್ಚಿ ನೋಡುತ್ತೇನೆ, ಟೊಮೆಟೊ ಸಿಪ್ಪೆಯ ಹಾಗೆ ಹೊಳೆಯುತ್ತಿದ್ದ ಜಾಗ ಮಂಕಾಗಿದೆ. ಒಣಗಿದೆ.

ನಾದಿನಿಗೆ ಹೇಳಿದರೆ "ಕಾಕತಾಳೀಯ ಅತ್ತಿಗೆ" ಅಂದಳು. ಕೆಲಸದವಳು ಮರುವಾರದಿಂದ ಬಟ್ಟೆ ತೊಳೆಯಬೇಕು ಅಂತ ತಿಳಿದು "ವೈನಿ, ಮೀ ನಾಹೀ" (ಅತ್ತಿಗೆ, ನಾನು ಮಾಡಲ್ಲ) ಅಂತ ಹೊರಟೇಬಿಟ್ಟಳು. ಅವಳನ್ನು ವಾಪಸು ತರಲು ತಿಂಗಳಿಗೆ 500 ಜಾಸ್ತಿ ಕೊಟ್ಟೆ.

ಪೂರ್ತಿ ಬಟ್ಟೆಗೆ ಹೋಗೋಣ ಅಂತ ಮೊದಲು ಹೊರಟಿದ್ದೆ, ಅದು ಮಳೆಗಾಲದಲ್ಲಿ ಸೋತಿತು. ದಿನಕ್ಕೆ ಐವತ್ತು ಅರವತ್ತು ತುಂಡು. ನಲ್ಲಿಯಲ್ಲಿ ನೀರು ಬರುವುದು ಬೆಳಗ್ಗೆ ಒಂದೆರಡು ಗಂಟೆ. ಒಣಗುವುದೇ ಇಲ್ಲ, ಮುಗ್ಗಲು ವಾಸನೆ. ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿದೆ, ಕರೆಂಟ್ ಬಿಲ್ ಸುಮಾರು 900 ರೂಪಾಯಿ ಏರಿತು. ಅರೆ ಒಣಗಿದ ಬಟ್ಟೆ ಕಟ್ಟುವುದಕ್ಕಿಂತ ಒಳ್ಳೇ ಡೈಪರೇ ವಾಸಿ, ಇದನ್ನು ಹಟ ಬಿಟ್ಟು ಒಪ್ಪಿಕೊಂಡೆ. ಹಾಗಾಗಿ ಈಗ ಎರಡನ್ನೂ ಸೇರಿಸಿದ್ದೇನೆ: ಕಟ್ಟಲು ಡೈಪರ್, ಬಿಚ್ಚಿ ಮಲಗಿಸಲು ಪಂಚೆ.

ಮಗು ಬಂದ ಕೂಡಲೇ ಮನೆಯ ಡೈಪರ್ ಹೇಗೇ ಇರಲಿ, ತೆಗೆಯುತ್ತೇನೆ. ಆಮೇಲೆ ಎರಡು ಗಂಟೆಗೊಮ್ಮೆ ಬಿಚ್ಚಿ ನೋಡುವುದು. ಕಕ್ಕ ಮಾಡಿದರೆ ಎರಡು ಗಂಟೆಯ ಲೆಕ್ಕ ಇಲ್ಲ, ಒಲೆ ಮೇಲೆ ಹಾಲು ಇದ್ದರೂ ಆರಿಸಿ ಬರಬೇಕು. ಯಾಕೆಂದರೆ ಚರ್ಮ ಸುಡುವುದು ಬರೀ ಉಚ್ಚೆಯಿಂದಲ್ಲ, ಅದು ಕಕ್ಕದ ಜೊತೆ ಸೇರಿದಾಗ. ಕಕ್ಕದಲ್ಲಿರುವ ಜೀರ್ಣದ ರಸಗಳು ಉಚ್ಚೆ ಬೆರೆತರೆ ಇನ್ನೂ ಚುರುಕಾಗಿ ಚರ್ಮವನ್ನೇ ತಿನ್ನುತ್ತವೆ ಅಂತ ಡಾಕ್ಟರ್ ಹೇಳಿದ್ದು. ನಾನು ಕಣ್ಣಲ್ಲೇ ಕಂಡಿದ್ದೇನೆ. ಉಚ್ಚೆಯಲ್ಲಿ ಎರಡು ಗಂಟೆ ಇದ್ದರೂ ಏನೂ ಆಗದ ಮಗು, ಭೇದಿಯಾದ ದಿನ ಅರ್ಧ ಗಂಟೆಯಲ್ಲೇ ಕೆಂಪು. ಆರು ತಿಂಗಳಿಗೆ ಹೊಸ ಊಟ ಶುರುವಾದಾಗ, ಆಂಟಿಬಯೋಟಿಕ್ ಕೊಟ್ಟಾಗ ಇದು ಜಾಸ್ತಿ. ಆ ವಾರ ಮಗುವಿನ ತಾಯಿ ನನಗೆ ಮೊದಲೇ ಹೇಳಬೇಕು ಅಂತ ಷರತ್ತು ಹಾಕಿದ್ದೇನೆ.

ತೊಳೆಯಲು ಉಗುರುಬೆಚ್ಚಗಿನ ನೀರು, ಹತ್ತಿ. ಪ್ರತಿ ಸಲ ಸೋಪು ಬೇಡ. ಪಂಚೆ ತುಂಡಿನಿಂದ ಒತ್ತಿ ಒತ್ತಿ ಒರೆಸಬೇಕು, ಮಡಿಕೆ ಬಿಡಿಸಿ ಒಳಗೂ. ಬೆಳಗ್ಗೆ ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ ಇಪ್ಪತ್ತು ಇಪ್ಪತ್ತು ನಿಮಿಷ ಫ್ಯಾನಿನ ಕೆಳಗೆ ಬರೀ ಅಂಡು. ಎಂಟು ತಿಂಗಳ ಪೋರ ಇಪ್ಪತ್ತು ನಿಮಿಷ ಬೋರಲು ಸುಮ್ನೆ ಮಲಗಬೇಕಲ್ಲ, ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ಹೊಟ್ಟೆಪಾಡು ಮಾರಾಯ್ರೆ.

ಜಿಂಕ್ ಕ್ರೀಮ್ ಈಗಲೂ ಇದೆ. ಗೋಡೆಗೆ ಗಾರೆ ಮೆತ್ತಿದ ಹಾಗೆ ದಪ್ಪ ಹಚ್ಚುತ್ತೇನೆ. ಮುಂದಿನ ಸಲ ಮೇಲಿನ ಕೊಳೆ ಮಾತ್ರ ತೆಗೆದು, ಕೆಳಗಿನ ಬಿಳಿ ಪದರ ಹಾಗೇ ಬಿಟ್ಟು, ಅದರ ಮೇಲೇ ಇನ್ನಷ್ಟು. ಟ್ಯೂಬ್ ಕೊಳ್ಳುವಾಗ ಜಿಂಕ್ ಎಷ್ಟು ಶೇಕಡಾ ಅಂತ ಹಿಂದೆ ತಿರುಗಿಸಿ ಓದಿ, ಮುಂಭಾಗದಲ್ಲಿರುವ ಮಗುವಿನ ಫೋಟೊ ನೋಡಿ ಕೊಳ್ಳಬೇಡಿ. ಡೈಪರ್ ಸೊಂಟದಲ್ಲಿ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಸಣ್ಣ ಸೈಜಿನ ಪ್ಯಾಕೆಟ್ ಖಾಲಿ ಮಾಡಬೇಕು ಅಂತ ಬಿಗಿದು ಕಟ್ಟಿ ಕಳಿಸುವ ತಾಯಂದಿರು ಎಲ್ಲ ಕಡೆ ಇದ್ದಾರೆ.

ಈಗ ದುಡ್ಡು. ಎರಡರ ಬದಲು ದಿನಕ್ಕೆ ನಾಲ್ಕೈದು ಡೈಪರ್. ಒಂದಕ್ಕೆ 10, 11 ರೂಪಾಯಿ ಹಿಡಿದರೂ ಒಂದು ಮಗುವಿಗೆ ತಿಂಗಳಿಗೆ 600, 700 ಜಾಸ್ತಿ. ತಾಯಂದಿರು ಒಪ್ಪಲಿಲ್ಲ. "ಮಾವ್ಶಿ (ನನ್ನನ್ನು ಹಾಗೇ ಕರೆಯುವುದು, ಚಿಕ್ಕಮ್ಮ ಅಂತ) ಡೈಪರ್ ಮಾರುತ್ತಾರೋ ಏನೋ" ಅಂತ ಒಬ್ಬಳು ಮೆಟ್ಟಿಲಲ್ಲಿ ಅಂದಿದ್ದು ನನಗೆ ಕೇಳಿಸಿತು. ಸಿಟ್ಟು ಬಂದು ಎರಡು ತಿಂಗಳು ನನ್ನ ಕೈಯಿಂದಲೇ ಹಾಕಿದೆ, ಆರು ಸಾವಿರಕ್ಕಿಂತ ಜಾಸ್ತಿ ಹೋಯಿತು. ಮೂರನೇ ತಿಂಗಳು ಅದೇ ಹುಡುಗಿಗೆ ಕೇಳಿದೆ: ಈ ಎರಡು ತಿಂಗಳಲ್ಲಿ ಎಷ್ಟು ಟ್ಯೂಬ್ ಕೊಂಡೆ, ಎಷ್ಟು ಸಲ ಡಾಕ್ಟರ್ ಫೀಸು ಕೊಟ್ಟೆ, ಎಷ್ಟು ರಜೆ ಹಾಕಿದೆ? ಲೆಕ್ಕ ಅವಳೇ ಹಾಕಿದಳು. ಈಗ ಡೈಪರ್ ನಾನೇ ದೊಡ್ಡ ಪ್ಯಾಕಿನಲ್ಲಿ ತರಿಸುತ್ತೇನೆ, ಫೀಸಿನಲ್ಲಿ 700 ಸೇರಿಸಿದ್ದೇನೆ. ಯಾರೂ ಮಾತಾಡಿಲ್ಲ.

ಇನ್ನು ಐದನೇ ಮಗು. ಕೆಮ್ಮಿಗೆ ಆಂಟಿಬಯೋಟಿಕ್ ಮುಗಿದ ಮೇಲೆ ಶುರುವಾಗಿದ್ದು. ನನ್ನ ಎಲ್ಲ ಕ್ರಮ ಮಾಡಿದರೂ ನಾಲ್ಕು ದಿನಕ್ಕೂ ತಗ್ಗಲಿಲ್ಲ. ಗಮನವಿಟ್ಟು ನೋಡಿದರೆ, ಮಾಮೂಲಿ ರ‍್ಯಾಶ್ ಉಬ್ಬಿದ ಜಾಗದಲ್ಲಿ ಇರುತ್ತದೆ, ಮಡಿಕೆಯ ಒಳಗೆ ಚರ್ಮ ಚೆನ್ನಾಗಿರುತ್ತದೆ. ಇವಳಿಗೆ ತೊಡೆಸಂದಿನ ಮಡಿಕೆಯೊಳಗೇ ಕೆಂಪು, ಸುತ್ತ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿ. ಅದು ಫಂಗಸ್. ಅಷ್ಟರಲ್ಲಿ ತಾಯಿ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಮಿಕ್ಸ್ ಟ್ಯೂಬ್ ತಂದು ಹಚ್ಚಿದ್ದಳು. ಎರಡು ದಿನ ಮಾಯ, ಆಮೇಲೆ ದುಪ್ಪಟ್ಟು. ಡಾಕ್ಟರ್ ಟ್ಯೂಬ್ ನೋಡಿ ಕೆಂಡವಾದರು. ಅದರಲ್ಲಿ ಜೋರು ಸ್ಟಿರಾಯ್ಡ್ ಇತ್ತು, ಡೈಪರ್ ಮುಚ್ಚಿದಾಗ ಅದು ಇನ್ನೂ ಜಾಸ್ತಿ ಒಳಗೆ ಇಳಿಯುತ್ತದೆ, ಚರ್ಮ ತೆಳ್ಳಗಾಗುತ್ತದೆ. ಬರೀ ಕ್ಲೋಟ್ರಿಮಜೋಲ್, ಫಂಗಸ್‌ನ ಮುಲಾಮು, ಬರೆದುಕೊಟ್ಟರು, ವಾಸಿಯಾಯಿತು. ಎರಡು ಮೂರು ದಿನಕ್ಕೆ ಇಳಿಯದಿದ್ದರೆ, ಗುಳ್ಳೆ, ಕೀವು, ಜ್ವರ ಬಂದರೆ ನಾನು ಈಗ ಕೈ ಹಾಕುವುದಿಲ್ಲ, ತಾಯಿಗೆ ಫೋನ್ ಮಾಡಿ ಕರೆಸುತ್ತೇನೆ.

ನಡುವೆ ಕೆಲವು ಹುಚ್ಚಾಟವೂ ಆಯಿತು. ನೀರು ಮೇಲೋ ವೈಪ್ಸ್ ಮೇಲೋ ಅಂತ ತಂಗಿ ಮಗುವಿನ ಎಡಗಡೆಗೆ ನೀರು, ಬಲಗಡೆಗೆ ವೈಪ್ಸ್ ಒರೆಸಿ ನೋಡಿದೆ. ಅದು ಒಂದು ಕಡೆ ಮಲಗಿದರೆ ತಾನೇ, ಹೊರಳಾಡಿ ಎರಡೂ ಕಡೆ ಒಂದೇ ಆಯಿತು. ಅಡುಗೆ ತಕ್ಕಡಿಯಲ್ಲಿ ಡೈಪರ್ ತೂಗಿದೆ. ಒಣಗಿದ್ದು 30 ಗ್ರಾಂ ಹತ್ತಿರ, ಮೂರು ಗಂಟೆ ಬಿಟ್ಟು 90ರ ಹತ್ತಿರ. ಯಜಮಾನರು ತಕ್ಕಡಿ ಬಿಸಾಕಿ ಹೊಸದು ತಂದರು, ಅದರ ಖರ್ಚು ಬೇರೆ. ಬಟ್ಟೆ ಮೆದು ಮಾಡುವ ಘಮಘಮ ಲಿಕ್ವಿಡ್‌ನಲ್ಲಿ ಪಂಚೆ ನೆನೆಸಿದೆ, ಒಣಗಿದ ಮೇಲೆ ಒಂದು ಚಮಚ ನೀರು ಹಾಕಿದರೆ ಕೆಸುವಿನ ಎಲೆ ಮೇಲೆ ನಿಂತ ಹಾಗೆ ನಿಂತಿತು. ಹೀರಲೇ ಇಲ್ಲ! ಅವತ್ತೇ ಆ ಬಾಟಲಿ ಕೆಲಸದವಳಿಗೆ ಕೊಟ್ಟೆ. ಈಗ ಬಿಸಿ ನೀರು, ಕಡಿಮೆ ಸೋಪು, ನಾಲ್ಕು ಸಲ ಜಾಲಿಸುವುದು, ಅಷ್ಟೇ.

ಪಂಚೆ ಮಾತ್ರ ಸಾಲುತ್ತಿಲ್ಲ. ನಮ್ಮವರದ್ದು ಮುಗಿದು ಈಗ ಮಾವನವರ ಪೆಟ್ಟಿಗೆಗೆ ಕೈ ಹಾಕಿದ್ದೇನೆ. ಊರಿಗೆ ಹೋಗುವವರು ಯಾರಾದರೂ ಇದ್ದರೆ ಹಳೇ ಹತ್ತಿ ಪಂಚೆ ತನ್ನಿ, ತೊಳೆದು ತೊಳೆದು ಜಾಳಾದಷ್ಟೂ ಒಳ್ಳೇದು. ಜರಿ ಅಂಚಿನದ್ದು ಬೇಡ, ಚುಚ್ಚುತ್ತದೆ.