ಹನ್ನೆರಡು ಜನರ ಕೂಟ: ಒಬ್ಬ ಮೆಥಡಿಸ್ಟ್ ಸಭಾಪಾಲಕನ ಅನುಭವ

ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದ ಸಭಾಪಾಲನೆಯ ಸೇವೆಗೆ ಬಂದ ಮೊದಲ ನಾಲ್ಕು ವರ್ಷ ನಾನು ವಾರದ ಮೂರು ದಿನಗಳನ್ನು ಭಾನುವಾರದ ಪ್ರಸಂಗಕ್ಕೆಂದೇ ಮೀಸಲಿಟ್ಟಿದ್ದೆ. ಆರಾಧನೆ ಮುಗಿದು ಬಾಗಿಲ ಬಳಿ ಎಲ್ಲರ ಕೈಕುಲುಕುವಾಗ ‘ಪ್ರಸಂಗ ಬಹಳ ಚೆನ್ನಾಗಿತ್ತು, ಅಯ್ಯನವರೇ’ ಎಂದು ನಾಲ್ಕು ಜನ ಹೇಳಿದರೆ ಆ ವಾರದ ದುಡಿಮೆ ಸಾರ್ಥಕವಾಯಿತೆಂದು ಮನೆಗೆ ಹೋಗುತ್ತಿದ್ದೆ. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಕೀರ್ತನೆ ಪುಸ್ತಕಗಳನ್ನು ಜೋಡಿಸಿಡುತ್ತಿದ್ದ ಒಬ್ಬರನ್ನು, ದೇವಾಲಯದ ಕಿಟಕಿಗಳ ದುರಸ್ತಿಗೆ ಬರಲು ಅವರಿಗೆ ಯಾವ ದಿನ ರಜೆಯಿದೆ ಎಂದು ಕೇಳಿದೆ. ‘ಈಗ ಎಲ್ಲ ದಿನವೂ ರಜೆಯೇ’ ಎಂದರು. ಅವರ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳೂ ಅವರು ಪ್ರತಿ ವಾರ ಮೂರನೆಯ ಸಾಲಿನಲ್ಲಿ ಕುಳಿತಿದ್ದರು, ಕಾಣಿಕೆಯ ತಟ್ಟೆ ಬಂದಾಗ ಲಕೋಟೆಯನ್ನೂ ಹಾಕಿದ್ದರು. ಲಕೋಟೆ ಖಾಲಿಯಾಗಿರುತ್ತಿತ್ತು. ಕಾಣಿಕೆ ಎಣಿಸುವವರು ಅದನ್ನು ಗಮನಿಸಿ, ಯಾರೋ ಮರೆತಿರಬೇಕೆಂದುಕೊಂಡು ಸುಮ್ಮನಾಗಿದ್ದರು. ಅವರ ಪಕ್ಕದಲ್ಲಿ ಕೂರುವವರಿಗಾಗಲಿ, ಅದೇ ಅವಧಿಯಲ್ಲಿ ಪರಸ್ಪರ ಪ್ರೀತಿಯ ಕುರಿತು ಎರಡು ಪ್ರಸಂಗ ಮಾಡಿದ್ದ ನನಗಾಗಲಿ ವಿಷಯ ಗೊತ್ತಿರಲಿಲ್ಲ.

ಆ ರಾತ್ರಿ ನನಗೆ ನೆನಪಾದದ್ದು ಕ್ಲಾಸ್ ಮೀಟಿಂಗಿನ, ಅಂದರೆ ಹನ್ನೆರಡು ಜನ ವಾರವಾರ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಕೂಟದ, ಹುಟ್ಟಿನ ಕಥೆ. ವ್ಯಾಸಂಗದ ದಿನಗಳಲ್ಲಿ ಅದನ್ನು ಪರೀಕ್ಷೆಗಾಗಿ ಓದಿದ್ದೆನೇ ಹೊರತು ಅದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದೆಂದು ಎಣಿಸಿರಲಿಲ್ಲ. ನಮ್ಮ ಪರಂಪರೆಯ ಈ ಮುಖ್ಯ ಏರ್ಪಾಡು ಹುಟ್ಟಿದ್ದು ಯಾವುದೋ ಧ್ಯಾನದಲ್ಲಲ್ಲ, ಸಾಲ ತೀರಿಸುವ ಚರ್ಚೆಯಲ್ಲಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1742ರ ಫೆಬ್ರವರಿ 15ರಂದು, ಅಲ್ಲಿಯ ಮೆಥಡಿಸ್ಟ್ ಸಂಘದ ಸಾಲವನ್ನು ತೀರಿಸುವುದು ಹೇಗೆಂದು ನಮ್ಮ ಪಂಥದ ಸ್ಥಾಪಕ ಜಾನ್ ವೆಸ್ಲಿ ಮತ್ತು ಸಂಗಡಿಗರು ಆಲೋಚಿಸುತ್ತಿದ್ದರು. ಶಕ್ತಿಯಿದ್ದ ಪ್ರತಿ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಬೇಕೆಂಬ ಸಲಹೆ ಬಂದಾಗ, ಬಡವರಿಗೆ ಅದೂ ಕಷ್ಟವೆಂದು ಯಾರೋ ಆಕ್ಷೇಪಿಸಿದರು. ಆಗ ಕ್ಯಾಪ್ಟನ್ ಫಾಯ್ ಎಂಬಾತ, ಅತ್ಯಂತ ಬಡವರಾದ ಹನ್ನೊಂದು ಜನರನ್ನು ತನ್ನ ಪಾಲಿಗೆ ಬಿಡುವಂತೆಯೂ, ವಾರವಾರ ಅವರ ಮನೆಗೆ ತಾನೇ ಹೋಗಿ ಬರುವುದಾಗಿಯೂ, ಅವರು ಕೊಡಲಾರದಿದ್ದರೆ ಅವರ ಪಾಲನ್ನೂ ತಾನೇ ಕಟ್ಟುವುದಾಗಿಯೂ ಹೇಳಿದ. ಉಳಿದವರೂ ಅದೇ ರೀತಿ ಹೊಣೆ ಹೊತ್ತರು; ಹೊತ್ತವನೂ ಸೇರಿ ಹೀಗೆ ಹನ್ನೆರಡರ ಲೆಕ್ಕ ಬಂತು. ಹಣಕ್ಕೆಂದು ಮನೆಮನೆಗೆ ಹೋದವರು ಮನೆಯೊಳಗಿನ ಜಗಳ, ಕುಡಿತ, ಕಾಯಿಲೆಗಳನ್ನು ಕಂಡು ಬಂದು ವೆಸ್ಲಿಗೆ ತಿಳಿಸತೊಡಗಿದ ಮೇಲೆ, ತಾವು ಬಹುಕಾಲದಿಂದ ಹುಡುಕುತ್ತಿದ್ದ ದಾರಿ ಇದೇ ಎಂದು ಅವರಿಗೆ ಹೊಳೆಯಿತು. ಒಬ್ಬೊಬ್ಬರ ಮನೆಗೂ ಹೋಗುವುದು ತ್ರಾಸವಾಗುತ್ತದೆಂದು ಹನ್ನೆರಡು ಜನ ಒಂದೆಡೆ ಸೇರುವ ರೂಢಿ ಬಂದದ್ದು ಆಮೇಲೆ.

ಸಭಾ ಹಿರಿಯರ ಒಪ್ಪಿಗೆ ಪಡೆದು ನಾನೂ ಹನ್ನೆರಡು ಜನರ ಒಂದು ಕೂಟವನ್ನು ಆರಂಭಿಸಿದೆ. ಪುಸ್ತಕ ಜೋಡಿಸುತ್ತಿದ್ದವರನ್ನೂ ಕರೆದೆ. ಮೊದಲ ಆರು ವಾರಗಳನ್ನು ಕೆಡಿಸಿದವನು ನಾನೇ. ಸತ್ಯವೇದದ ಒಂದು ಭಾಗವನ್ನು ಆರಿಸಿ, ಟಿಪ್ಪಣಿ ಮಾಡಿಕೊಂಡು ಹೋಗಿ ವಿವರಿಸುತ್ತಿದ್ದೆ, ಉಳಿದವರು ತಲೆಯಾಡಿಸುತ್ತಿದ್ದರು. ಏಳನೆಯ ವಾರ ಕೂಟದ ಅತಿ ಹಿರಿಯ ಮಹಿಳೆ, ‘ಅಯ್ಯನವರೇ, ಇದು ಭಾನುವಾರದ್ದೇ ಇನ್ನೊಂದು ಸಲ ಆಯಿತಲ್ಲ’ ಎಂದರು. ಅವರ ಮಾತು ನನ್ನನ್ನು ಚುಚ್ಚಿತು, ಆದರೆ ಅದು ಸರಿಯಾಗಿತ್ತು. ಅಂದಿನಿಂದ ಟಿಪ್ಪಣಿ ಬಿಟ್ಟು, ಹಳೆಯ ಮೆಥಡಿಸ್ಟರ ರೂಢಿಯ ಪ್ರಶ್ನೆಗೆ ಬಂದೆ: ನಿಮ್ಮ ಆತ್ಮದ ಸ್ಥಿತಿ ಹೇಗಿದೆ? ಅದಕ್ಕೂ ಸಿದ್ಧ ಉತ್ತರವಿತ್ತು. ‘ಕರ್ತನ ಕೃಪೆಯಿಂದ ಚೆನ್ನಾಗಿದ್ದೇನೆ’ ಎಂದು ಹನ್ನೊಂದು ಜನ ಹನ್ನೊಂದು ಸಲ ಹೇಳಿದರು. ಕೊನೆಗೆ ಪ್ರಶ್ನೆಯನ್ನೇ ಬದಲಿಸಿ, ‘ಕಳೆದ ಕೂಟದಿಂದೀಚೆಗೆ ದೇವರು ದೂರವಿದ್ದಾನೆ ಎನ್ನಿಸಿದ್ದು ಯಾವಾಗ?’ ಎಂದು ಕೇಳಿ, ಮೊದಲ ಉತ್ತರವನ್ನು ನಾನೇ ಕೊಟ್ಟೆ. ಮನೆಯಲ್ಲಿ ಆಡಿದ ಒಂದು ಕಟುವಾದ ಮಾತಿಗೆ ಎರಡು ದಿನವಾದರೂ ಕ್ಷಮೆ ಕೇಳಿಲ್ಲವೆಂದೂ, ಅದೇ ಸ್ಥಿತಿಯಲ್ಲಿ ಭಾನುವಾರ ಕರ್ತನ ಭೋಜನವನ್ನು ಹಂಚಿದೆನೆಂದೂ ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನವನ್ನು ತುಂಬುವ ಚಪಲವನ್ನು ತಡೆದುಕೊಳ್ಳುವುದು ನನಗೆ ಪ್ರಸಂಗ ಕಲಿಯುವುದಕ್ಕಿಂತ ಕಷ್ಟವಾಯಿತು. ಆಮೇಲೆ ಒಬ್ಬೊಬ್ಬರಾಗಿ ಮಾತಾಡಿದರು.

ಪುಸ್ತಕ ಜೋಡಿಸುತ್ತಿದ್ದವರು ಮಾತ್ರ ತಮ್ಮ ಸರದಿ ಬಂದಾಗಲೆಲ್ಲ ‘ಮುಂದಿನವರು ಹೇಳಲಿ’ ಎನ್ನುತ್ತಿದ್ದರು. ಹನ್ನೊಂದು ವಾರ ಹೀಗೇ ನಡೆಯಿತು. ಹನ್ನೆರಡನೆಯ ವಾರ, ಕೈಗಳನ್ನು ಮೊಣಕಾಲುಗಳ ನಡುವೆ ಇರಿಸಿಕೊಂಡು ನೆಲವನ್ನು ನೋಡುತ್ತ, ‘ನನಗೆ ಪ್ರಾರ್ಥನೆ ಬರುತ್ತಿಲ್ಲ. ಒಂದು ವರ್ಷವೇ ಆಯಿತು’ ಎಂದರು. ನನ್ನ ನಾಲಿಗೆಯ ತುದಿಗೆ ಮೂರು ವಚನಗಳು ಬಂದಿದ್ದವು. ಅಷ್ಟರಲ್ಲಿ ಆ ಹಿರಿಯ ಮಹಿಳೆ, ‘ಬರುವವರೆಗೆ ನಿಮ್ಮ ಪಾಲಿನದನ್ನು ನಾನು ಮಾಡುತ್ತೇನೆ, ನೀವು ಬಂದು ಕುಳಿತಿದ್ದರೆ ಸಾಕು’ ಎಂದರು. ಕ್ಯಾಪ್ಟನ್ ಫಾಯ್‌ನ ಕಥೆಯನ್ನು ನಾನು ಅವರಿಗೆ ಹೇಳಿರಲೇ ಇಲ್ಲ.

ಇಲ್ಲಿ ನನ್ನ ದೊಡ್ಡ ತಪ್ಪೊಂದನ್ನು ಬರೆಯಲೇಬೇಕು. ಕೂಟದಲ್ಲಿ ಒಬ್ಬ ಮಹಿಳೆ ತಮ್ಮ ಮಗನ ಬಗ್ಗೆ ಹೇಳಿಕೊಂಡಿದ್ದನ್ನು, ಹೆಸರು ಎತ್ತದೆ, ಎರಡು ತಿಂಗಳ ಬಳಿಕ ಪ್ರಸಂಗದಲ್ಲಿ ಉದಾಹರಣೆಯಾಗಿ ಬಳಸಿದೆ. ಹೆಸರಿಲ್ಲದಿದ್ದರೇನು, ಅರ್ಧ ಸಭೆಗೆ ಅದು ಯಾರೆಂದು ತಿಳಿಯಿತು. ಮರುದಿನ ಕ್ಷಮೆ ಕೇಳಲು ಹೋದಾಗ ಅವರು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡು, ‘ಸರಿ’ ಎಂದಷ್ಟೇ ಹೇಳಿದರು. ಭಾನುವಾರ ಬರುತ್ತಾರೆ, ಕೂಟಕ್ಕೆ ಮಾತ್ರ ಮತ್ತೆ ಬರಲಿಲ್ಲ. ಅಂದಿನಿಂದ ಹಾಜರಿಯ ಪುಸ್ತಕವೊಂದನ್ನು ಬಿಟ್ಟು ಕೂಟದ ಯಾವ ಮಾತನ್ನೂ ನಾನು ಎಲ್ಲಿಯೂ ಬರೆದಿಡುವುದಿಲ್ಲ. ಒಪ್ಪಿಗೆ ಪಡೆದೂ ಪ್ರಸಂಗಕ್ಕೆ ಬಳಸುವುದಿಲ್ಲ, ಏಕೆಂದರೆ ಸಭಾಪಾಲಕ ಕೇಳಿದಾಗ ಬೇಡವೆನ್ನುವುದು ಬಹಳ ಜನರಿಗೆ ಸಾಧ್ಯವಾಗುವುದಿಲ್ಲ.

ಹಾಜರಿ ಪುಸ್ತಕದಿಂದ ನಾನು ನಿರೀಕ್ಷಿಸದ ಉಪಯೋಗವಾಯಿತು. ಬಾರದವರ ಮನೆಗೆ ಅದೇ ವಾರದಲ್ಲಿ ಯಾರಾದರೊಬ್ಬರು ಹೋಗಿ ಬರಬೇಕೆಂದು ನಿಯಮ ಮಾಡಿಕೊಂಡೆವು. ರೋಗಿಗಳ ಭೇಟಿಯನ್ನು ವೆಸ್ಲಿ ಕೃಪಾಸಾಧನಗಳ, ಅಂದರೆ ಪ್ರಾರ್ಥನೆಯಂತೆ ದೇವರ ಕೃಪೆ ನಮ್ಮನ್ನು ಮುಟ್ಟುವ ದಾರಿಗಳ, ಸಾಲಿಗೇ ಸೇರಿಸಿದ್ದರು. ನೆರವನ್ನು ಬೇರೆಯವರ ಕೈಯಲ್ಲಿ ಕಳುಹಿಸಿದರೆ ರೋಗಿಗೆ ಪ್ರಯೋಜನವಾದೀತು, ಕಳುಹಿಸಿದವನಿಗೆ ಆಗಬೇಕಾದದ್ದು ಆಗುವುದಿಲ್ಲವೆಂಬುದೂ, ಹೋದವನು ಮೊದಲು ಊಟ, ಬಟ್ಟೆ, ಉರುವಲನ್ನು ವಿಚಾರಿಸಿ ಆಮೇಲೆ ಆತ್ಮದ ಮಾತಿಗೆ ಬರಬೇಕೆಂಬುದೂ ಅವರ ಅಭಿಪ್ರಾಯವಾಗಿತ್ತು. ಈ ಕ್ರಮ ನನಗೆ ಅರ್ಥವಾದದ್ದು ಹಾಸಿಗೆ ಹಿಡಿದಿದ್ದ ಒಬ್ಬ ವೃದ್ಧರ ಮನೆಯಲ್ಲಿ. ನಾನು ಸತ್ಯವೇದದ ಕೀರ್ತನೆಗಳ 121ನೆಯ ಅಧ್ಯಾಯಕ್ಕೆ ಬೆರಳಿಟ್ಟುಕೊಂಡೇ ಒಳಗೆ ಹೋದೆ. ಅವರ ಹೆಂಡತಿ ಹಾಸಿಗೆಯ ಬಟ್ಟೆ ಬದಲಿಸಲಾಗದೆ ಕಂಗೆಟ್ಟು ನಿಂತಿದ್ದರು. ನನ್ನೊಂದಿಗೆ ಬಂದಿದ್ದ ಕೂಟದ ಸದಸ್ಯೆ ಆಸ್ಪತ್ರೆಯಲ್ಲಿ ದುಡಿದವರು. ರೋಗಿಯನ್ನು ಮೇಲೆತ್ತಬಾರದು, ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯ ಬಟ್ಟೆಯನ್ನು ಬೆನ್ನಿನವರೆಗೆ ಸುತ್ತಿ, ಹೊಸದರ ಅರ್ಧವನ್ನು ಅದರ ಪಕ್ಕದಲ್ಲೇ ಹಾಸಿ, ಆಮೇಲೆ ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕೆಂದು ಅವರು ತೋರಿಸಿಕೊಟ್ಟರು. ಅವರು ಹೇಳಿದಂತೆ ನಾನು ಭುಜ ಮತ್ತು ಸೊಂಟವನ್ನು ಹಿಡಿದುಕೊಂಡೆ. ಕೀರ್ತನೆಯನ್ನು ಓದಿದ್ದು ಅದಾದ ಮೇಲೆ, ಎಲ್ಲರೂ ಒಮ್ಮೆ ಉಸಿರುಬಿಟ್ಟ ಬಳಿಕ.

1739ರಲ್ಲಿ ವೆಸ್ಲಿಯವರ ಒಂದು ಕೀರ್ತನ ಸಂಗ್ರಹದ ಮುನ್ನುಡಿಯಲ್ಲಿ ಬಂದ, ಸಾಮಾಜಿಕ ಪಾವಿತ್ರ್ಯವಲ್ಲದೆ ಬೇರೆ ಪಾವಿತ್ರ್ಯವಿಲ್ಲವೆಂಬ ಮಾತನ್ನು ನಮ್ಮವರು ಸಮಾಜಸೇವೆಗೆ ಕೊಟ್ಟ ಕರೆಯೆಂದು ಉದ್ಧರಿಸುವುದುಂಟು. ಅಲ್ಲಿ ವಾದ ನಡೆದಿರುವುದು ಏಕಾಂತದ ಧರ್ಮದ ವಿರುದ್ಧ: ಒಬ್ಬನೇ ಕುಳಿತು ಪವಿತ್ರನಾಗಲು ಆಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಸೇವೆ ಅದರಿಂದ ಹೊರಡುತ್ತದೆ, ನಿಜ. ಆದರೆ ನನ್ನ ಅನುಭವದಲ್ಲಿ ಸಹಾಯ ಮಾಡಲು ಮುಂದೆ ಬಂದವರಿಗಿಂತ, ತಮಗೆ ಸಹಾಯ ಬೇಕೆಂದು ಬಾಯಿಬಿಟ್ಟವರೇ ಹೆಚ್ಚು ಬದಲಾದರು. ಕೇಡು ಮಾಡದಿರುವುದು, ಒಳ್ಳೆಯದನ್ನು ಮಾಡುವುದು, ದೇವರ ವಿಧಿಗಳನ್ನು ಪಾಲಿಸುವುದು ಎಂದು ವೆಸ್ಲಿ ತಮ್ಮ ಸಂಘಗಳಿಗೆ ಕೊಟ್ಟ 1743ರ ಸಾಮಾನ್ಯ ನಿಯಮಗಳಲ್ಲಿ ಒಂದು ವಿಷಯದ ಬಗ್ಗೆ ನನಗೆ ಇಂದಿಗೂ ಅಳುಕಿದೆ. ನಂಬಿಗಸ್ತರು ಕೆಲಸವನ್ನು ಮೊದಲು ತಮ್ಮವರಿಗೇ ಕೊಡಬೇಕು, ವ್ಯಾಪಾರದಲ್ಲಿ ತಮ್ಮವರಿಗೇ ನೆರವಾಗಬೇಕೆಂದು ಅಲ್ಲಿದೆ. ಜನರ ಹಗೆಯನ್ನು ಎದುರಿಸುತ್ತಿದ್ದ ಬಡವರ ಗುಂಪಿಗೆ ಅದು ಆಸರೆಯಾಗಿತ್ತು, ನೆಲೆಯೂರಿದ ಸಭೆಯಲ್ಲಿ ಅದೇ ನಿಯಮ ಸ್ವಜನಪಕ್ಷಪಾತವಾಗಲು ತಡವಾಗದು. ಕೆಲಸ ಕಳೆದುಕೊಂಡವರಿಗೆ ಕೂಟದ ಒಬ್ಬರ ಪರಿಚಯದಿಂದಲೇ ಅರ್ಧ ದಿನದ ಕೆಲಸ ಸಿಕ್ಕಿತೆಂಬುದನ್ನೂ ನಾನು ಮರೆಮಾಚುವುದಿಲ್ಲ.

ಮೆಥಡಿಸ್ಟ್ ಸಭಾಪಾಲಕರು ಒಂದೇ ಕಡೆ ನೆಲೆನಿಲ್ಲುವವರಲ್ಲ. ನನಗೂ ವರ್ಗಾವಣೆ ಬರುವುದೆಂದು ಗೊತ್ತಿದ್ದುದರಿಂದ ಎರಡನೆಯ ವರ್ಷದಲ್ಲೇ ಕೂಟದ ಹೊಣೆಯನ್ನು ಹಿರಿಯ ಮಹಿಳೆಗೆ ಒಪ್ಪಿಸಿ, ಹನ್ನೆರಡರಲ್ಲಿ ಒಬ್ಬನಾಗಿ ಕೂರತೊಡಗಿದೆ. ಅವರು ನನ್ನಷ್ಟು ಮಾತಾಡಲಿಲ್ಲ, ಕೂಟ ಬೇಗ ಮುಗಿಯುತ್ತಿತ್ತು, ಜನ ತಡವಾಗಿ ಮನೆಗೆ ಹೋಗುತ್ತಿದ್ದರು.

ದೇವರಿಗೆ ತಮ್ಮನ್ನು ಒಪ್ಪಿಸಿಕೊಳ್ಳುವ ಮಾತನ್ನು ಹೊಸದಾಗಿ ಕೊಡುವ, 1755ರಲ್ಲಿ ವೆಸ್ಲಿ ಲಂಡನ್ನಿನಲ್ಲಿ ಆರಂಭಿಸಿದ ಒಡಂಬಡಿಕೆ ಆರಾಧನೆಯನ್ನು ನಾವು ವರ್ಷದ ಮೊದಲ ಭಾನುವಾರ ಆಚರಿಸುತ್ತೇವೆ. ಸಭೆಯೆಲ್ಲ ಒಟ್ಟಾಗಿ ಹೇಳುವ ಆ ಪ್ರಾರ್ಥನೆಯಲ್ಲಿ, ನಿನಗಾಗಿ ನನ್ನನ್ನು ಕೆಲಸದಲ್ಲಿ ತೊಡಗಿಸು ಇಲ್ಲವೇ ನಿನಗಾಗಿ ಬದಿಗಿರಿಸು ಎಂಬ ಅರ್ಥದ ಸಾಲೊಂದಿದೆ. ಆ ಸಾಲು ಬಂದಾಗ ತನ್ನ ಬಾಯಿ ಏಳುವುದಿಲ್ಲವೆಂದು ಪುಸ್ತಕ ಜೋಡಿಸುತ್ತಿದ್ದವರು ಕೂಟದಲ್ಲಿ ಒಮ್ಮೆ ಹೇಳಿದ್ದರು. ಇದನ್ನು ಬರೆಯಲು ನನಗೆ ಅವರೇ ಹೇಳಿದ್ದಾರೆ, ನಾನು ಕೇಳಿದ್ದಲ್ಲ. ನಾನು ಅಲ್ಲಿದ್ದ ಕೊನೆಯ ವರ್ಷದ ಆರಾಧನೆಯಲ್ಲಿ, ವೇದಿಯ ಬಳಿಯಿಂದ ಮೂರನೆಯ ಸಾಲಿನತ್ತ ನೋಡಿದೆ. ಅವರಿಗೆ ಆಗಲೇ ಅರ್ಧ ದಿನದ ಕೆಲಸವಿತ್ತು, ಆದರೂ ಆ ಸಾಲಿಗೆ ಅವರ ತುಟಿ ಅಲುಗಲಿಲ್ಲ. ಸಭೆ ಮುಂದಿನ ಸಾಲಿಗೆ ಹೋಯಿತು. ಅವರ ಪಕ್ಕದಲ್ಲಿ ನಿಂತಿದ್ದ ಹಿರಿಯ ಮಹಿಳೆ ಮಾತ್ರ ಅದೇ ಸಾಲನ್ನು ಇನ್ನೊಮ್ಮೆ ಹೇಳಿ, ಆಮೇಲೆ ಉಳಿದವರನ್ನು ಕೂಡಿಕೊಂಡರು.